ಕೇಪಿನ ಕೋವಿಗೆ ಗುರಿ ಬರಬೇಕಾದರೆ

ಕಾಸರಗೋಡು ಜಿಲ್ಲೆಯ ಮುಳ್ಳೇರಿಯ, ಆದೂರು, ದೇಲಂಪಾಡಿ ಕಡೆಯ ಕೃಷಿಕರನ್ನು ಮಾತಿಗೆಳೆದು ನೋಡಿ. ಅಡಿಕೆ ಧಾರಣೆ, ಮಳೆ ಎಲ್ಲ ಆಮೇಲೆ. ಮೊದಲು ಬರುವುದು ಹಂದಿಯ ಸುದ್ದಿ. ಮರಗೆಣಸು, ಸುವರ್ಣಗೆಡ್ಡೆ ಹೋಗಲಿ, ಬಾಳೆಯ ಬುಡ, ತೆಂಗಿನ ಎಳೆ ಸಸಿಯನ್ನೂ ಅದು ಬಿಡುವುದಿಲ್ಲ. ವರ್ಷದ ಬೆವರು ಒಂದು ರಾತ್ರಿಯಲ್ಲಿ ಮಣ್ಣುಪಾಲು.

ಇಂಥ ಕಡೆಗಳಲ್ಲಿ ಹಳೆಯ ಮನೆಗಳ ಗೋಡೆಯಲ್ಲೊಂದು ಕೇಪಿನ ಕೋವಿ ಇರುವುದುಂಟು. ತುಳುವಿನಲ್ಲಿ ಬೆಡಿ, ಮಲಯಾಳದಲ್ಲಿ ತೋಕ್ಕ್, ನಮಗೆ ಕೋವಿ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗುಂಡು ಜಡಿದು, ನಿಪ್ಪಲಿಗೆ ಕೇಪು ಇಟ್ಟು ಹೊಡೆಯುವಂಥದ್ದು. "ಶಬ್ದ ಮಾಡಲಿಕ್ಕೆ ಸಾಕು, ಗುರಿ ಅದಕ್ಕೆಲ್ಲಿ?" ಎಂದು ತೋಟೆ ಕೋವಿಯವರು ತಮಾಷೆ ಮಾಡುವುದೂ ಇದೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಗುರಿ ಇಲ್ಲದಿರುವುದಕ್ಕೆ ಕೋವಿಗಿಂತ ಅದನ್ನು ತುಂಬುವ ಕ್ರಮವೇ ಹೆಚ್ಚು ಕಾರಣ.

ಮೊದಲು ಕಾನೂನಿನ ಒಂದು ಮಾತು. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಂನಲ್ಲಿ ಬೆಳೆ ರಕ್ಷಣೆಗಾಗಿ ಬಾಯಿಯಿಂದ ತುಂಬುವ ಕೋವಿಯ ಲೈಸನ್ಸಿನ ಪ್ರಸ್ತಾಪವೇ ಇದೆ. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರ ಅಕ್ಟೋಬರ್ ತನಕ ಲೈಸನ್ಸಿನಿಂದ ವಿನಾಯಿತಿ ಉಂಟು. ಘಟ್ಟದ ಈಚೆಯ ನಮಗಿಲ್ಲ. ಲೈಸನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯಬಹುದೆಂದು ತಿಳಿದವರು ಅನೇಕರು. ಅದು ತಪ್ಪು. 1972ರ ವನ್ಯಜೀವಿ ಕಾಯಿದೆ ಬೇಟೆಯನ್ನು ನಿಷೇಧಿಸಿದೆ. ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಪಂಚಾಯತು ಅಧ್ಯಕ್ಷರಂಥವರಿಗೆ ಗೌರವ ವನ್ಯಜೀವಿ ವಾರ್ಡನ್ ಅಧಿಕಾರ ಕೊಟ್ಟು, ಅವರ ಅಪ್ಪಣೆಯ ಮೇಲೆ ಲೈಸನ್ಸುದಾರರು ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಬಹುದೆಂದಿತು. ವಿಷ, ಸಿಡಿಮದ್ದು, ಕರೆಂಟು ಕೂಡದು. ಅಪ್ಪಣೆ ಈಗ ಜಾರಿಯಲ್ಲಿದೆಯೇ ಎಂಬುದನ್ನು ಪಂಚಾಯತಿನಲ್ಲಿ ಬರಹದಲ್ಲೇ ಕೇಳಿಕೊಳ್ಳಿ. ಕಾಗದ ಮಲಯಾಳದಲ್ಲಿದ್ದರೆ ಓದಿಸಿ ಅರ್ಥ ಮಾಡಿಕೊಳ್ಳದೆ ಕೋವಿ ಎತ್ತಬೇಡಿ.

ಇನ್ನು ಗುರಿಯ ವಿಷಯ. ನಮ್ಮ ಕೇಪಿನ ಕೋವಿಯ ನಳಿಗೆ ಒಳಗೆ ನುಣುಪು. ರೈಫಲಿನಲ್ಲಿ ಸುರುಳಿ ಗೀರುಗಳಿರುತ್ತವೆ. ಅವು ಗುಂಡನ್ನು ತಿರುಗಿಸುತ್ತವೆ, ತಿರುಗುವ ಗುಂಡು ನೇರ ಹೋಗುತ್ತದೆ, ಬುಗುರಿ ನೆಟ್ಟಗೆ ನಿಂತ ಹಾಗೆ. 1853ರ ಎನ್‌ಫೀಲ್ಡ್ ಕೋವಿಯೂ ಬಾಯಿಯಿಂದಲೇ ತುಂಬುವಂಥದ್ದು, ಆದರೆ ಒಳಗೆ ಮೂರು ಗೀರು. ಅದಕ್ಕೂ ಹಿಂದಿನ ಬ್ರಿಟಿಷ್ ಸೈನಿಕರ ನುಣುಪು ನಳಿಗೆಯ ಕೋವಿಯ ಬಾಯಿ 0.75 ಇಂಚು, ಗುಂಡು ಸುಮಾರು 0.69 ಇಂಚು. ಬೇಗ ತುಂಬಲೆಂದು ಹಾಗೆ ಸಡಿಲ ಬಿಟ್ಟದ್ದು. ಸಡಿಲ ಗುಂಡು ನಳಿಗೆಯ ಆಚೆ ಈಚೆ ಗೋಡೆಗೆ ಬಡಿಯುತ್ತಾ ಬರುತ್ತದೆ. ಕೊನೆಯ ಪೆಟ್ಟು ಯಾವ ಕಡೆ ತಾಗಿತೋ, ಅದರ ಎದುರು ದಿಕ್ಕಿಗೆ ಹೋಗುತ್ತದೆ.

ನಮ್ಮ ಕೋವಿಗಳ ರೋಗವೂ ಇದೇ. ಮದ್ದು ಪಾಪ, ಅದರ ಕೆಲಸ ಅದು ಮಾಡುತ್ತದೆ. ಗುಂಡು ನಳಿಗೆಗೆ ಸರಿಯಾಗಿ ಕೂರಬೇಕು. ದಪ್ಪ ನೇಯ್ಗೆಯ ಹತ್ತಿ ಬಟ್ಟೆಯ ತುಂಡಿಗೆ ಜೇನುಮೇಣ ಸೇರಿಸಿದ ತೆಂಗಿನೆಣ್ಣೆ ಸವರಿ, ಗುಂಡನ್ನು ಅದರಲ್ಲಿ ಸುತ್ತಿ ಇಳಿಸಿದರೆ ಸಂದು ತುಂಬುತ್ತದೆ. ನೈಲಾನ್, ಪಾಲಿಯೆಸ್ಟರ್ ಬೇಡ, ಕರಗಿ ಅಂಟುತ್ತದೆ. ಎಂಜಿನ್ ಆಯಿಲೂ ಬೇಡ. ಕರಿಮದ್ದಿನ ಮಸಿಯೊಂದಿಗೆ ಸೇರಿ ಟಾರಿನಂತೆ ಗಟ್ಟಿಯಾಗುತ್ತದೆ. ಗುಂಡಿಗೆ ಮೆದು ಸೀಸವೇ ಆಗಬೇಕು.

ಮದ್ದನ್ನು ಅಂಗೈಯ ಅಂದಾಜಿನಲ್ಲಿ ಹಾಕುವವರನ್ನು ನೋಡಿದ್ದೇನೆ. ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ. ಗುಂಡು ಒಮ್ಮೆ ಮೇಲೆ, ಒಮ್ಮೆ ಕೆಳಗೆ. ನಿಮ್ಮ ಕೋವಿ ತಡೆಯುವ ಪ್ರಮಾಣ ಎಷ್ಟೆಂದು ಲೈಸನ್ಸ್ ಇರುವ ಕೋವಿ ರಿಪೇರಿಯವರಿಂದ ಕೇಳಿ, ಅಷ್ಟಕ್ಕೇ ಒಂದು ಅಳತೆ ಡಬ್ಬಿ ಮಾಡಿಟ್ಟುಕೊಳ್ಳಿ. ತೋಟೆ ಒಡೆದು ತೆಗೆದ ಹೊಗೆಯಿಲ್ಲದ ಮದ್ದನ್ನು ಮಾತ್ರ ಅಪ್ಪಿತಪ್ಪಿಯೂ ಹಾಕಬಾರದು. ನಳಿಗೆ ಸಿಡಿಯುತ್ತದೆ, ಬೆರಳು, ಕಣ್ಣು ಹೋಗುವುದು ಹಾಗೆಯೇ.

ಗುಂಡು ಮದ್ದಿನ ಮೇಲೆ ಒತ್ತಿ ಕೂರಬೇಕು, ನಡುವೆ ಎಡೆ ಉಳಿಯಬಾರದು. ಎಡೆ ಉಳಿದರೆ ಗುರಿಯೂ ಕೆಡುತ್ತದೆ, ನಳಿಗೆಯೂ ಬಿರಿಯಬಹುದು. ಇದಕ್ಕೊಂದು ಸುಲಭ ಉಪಾಯ: ಸರಿಯಾಗಿ ತುಂಬಿದಾಗ ಜಡಿಯುವ ಗಜ ನಳಿಗೆಯ ಬಾಯಿಗೆ ಎಲ್ಲಿ ಬರುತ್ತದೋ ಅಲ್ಲೊಂದು ಗೀಟು ಹಾಕಿ. ಖಾಲಿ ನಳಿಗೆಗೆ ಇನ್ನೊಂದು ಗೀಟು. ಗುಂಡು ಪೂರ್ತಿ ಇಳಿಯದಿದ್ದರೂ, ಮರೆತು ಎರಡು ಈಡು ತುಂಬಿದ್ದರೂ, ಮೊದಲೇ ಒಳಗೆ ಈಡು ಇದ್ದರೂ ಗೀಟು ಹೇಳುತ್ತದೆ. ಬಾಯಿಯಿಂದ ತುಂಬುವ ಕೋವಿಗೆ ಇದಕ್ಕಿಂತ ಅಗ್ಗದ ಇನ್ಶೂರೆನ್ಸ್ ಇಲ್ಲ.

ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ತೂಕ ಮಸಿಯಾಗಿ, ಹೊಗೆಯಾಗಿ ಉಳಿಯುತ್ತದೆ. ಎರಡನೇ ಗುಂಡು ಬಿಗಿಯಾಗುವುದು ಅದಕ್ಕೇ. ಪ್ರತಿ ಈಡಿನ ನಂತರ ಒದ್ದೆ ಬಟ್ಟೆ ಒಮ್ಮೆ, ಒಣ ಬಟ್ಟೆ ಒಮ್ಮೆ ಹಾಕಿ ಒರೆಸಿ. ಒಳಗೆ ಕೆಂಡದ ಕಿಡಿ ಇದ್ದರೆ ಆರುತ್ತದೆ ಎಂಬುದು ಇನ್ನೊಂದು ಲಾಭ. ಮದ್ದಿನ ಡಬ್ಬದಿಂದ ನೇರ ಸುರಿಯುವುದು, ನಳಿಗೆಯ ಬಾಯಿಗೆ ಮುಖ ಹಿಡಿಯುವುದು ಬೇಡವೇ ಬೇಡ.

ಕುದುರೆ ಬಿದ್ದು, ಕೇಪು ಸಿಡಿದು, ಮದ್ದು ಹತ್ತುವುದಕ್ಕೆ ತೋಟೆ ಕೋವಿಗಿಂತ ತುಸು ಹೊತ್ತು ಹೆಚ್ಚು ಬೇಕು. ಅಷ್ಟರಲ್ಲಿ ತಲೆ ಎತ್ತಿ "ಬಿತ್ತಾ?" ಎಂದು ನೋಡಿದರೆ ಗುಂಡು ತಪ್ಪಿತೆಂದೇ ಲೆಕ್ಕ. ಕೇಪು ಮಾತ್ರ ಸಿಡಿದು ಈಡು ಹಾರದಿದ್ದರೆ ಒಂದು ನಿಮಿಷವಾದರೂ ಜನರಿಲ್ಲದ ಕಡೆಗೆ ಹಿಡಿದೇ ಇರಿ. ನಿಪ್ಪಲಿನ ತೂತು ಎಣ್ಣೆಯಿಂದ ಕಟ್ಟಿದ್ದರೆ ಹೀಗಾಗುತ್ತದೆ. ತುಂಬುವ ಮೊದಲು ಖಾಲಿ ನಳಿಗೆಯಲ್ಲಿ ಒಂದು ಕೇಪು ಹೊಡೆದು ತೂತನ್ನು ಒಣಗಿಸುವುದು ಒಳ್ಳೆಯ ಪದ್ಧತಿ.

ಲೈಸನ್ಸಿನ ಶರತ್ತು ಒಪ್ಪುವುದಾದರೆ, ಠಾಣೆಗೆ ತಿಳಿಸಿ, ಹಿಂದೆ ಎತ್ತರದ ಮಣ್ಣಿನ ದರೆ ಇರುವಲ್ಲಿ 25 ಮೀಟರಿಗೆ ಕಾಗದ ಕಟ್ಟಿ ಐದು ಈಡು ಹೊಡೆದು ನೋಡಿ. ಐದೂ ಒಂದೇ ಕಡೆ ಗುಂಪಾಗಿದ್ದರೆ, ಅದು ಬದಿಗಿದ್ದರೂ ಚಿಂತೆಯಿಲ್ಲ, ತುದಿಯ ಮಣಿಯನ್ನು ರಿಪೇರಿಯವರು ಸರಿಪಡಿಸುತ್ತಾರೆ. ಚದುರಿದ್ದರೆ ಬಟ್ಟೆಯ ದಪ್ಪ, ಮದ್ದಿನ ಅಳತೆ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ನುಣುಪು ನಳಿಗೆಯಲ್ಲಿ 35–40 ಮೀಟರ್ ದಾಟಿದ ಮೇಲೆ ಹಂದಿಗೆ ಹೊಡೆಯಬಾರದು ಎಂಬುದು ನನ್ನ ಅಭಿಪ್ರಾಯ. ಚರೆ ಹಾಕಿ ದೂರಕ್ಕೆ ಹೊಡೆಯುವುದಂತೂ ಸಲ್ಲ. ಗಾಯಗೊಂಡ ಹಂದಿ ನರಳಿ ನರಳಿ ಎಲ್ಲೋ ಸಾಯುತ್ತದೆ, ಇಲ್ಲವೇ ಬೆಳಿಗ್ಗೆ ಹುಲ್ಲಿಗೆ ಹೋದ ಹೆಂಗಸರ ಮೇಲೆ ಬೀಳುತ್ತದೆ.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗುವುದು ಲೈಸನ್ಸುದಾರರಿಗೆಲ್ಲ ಗೊತ್ತಿದ್ದದ್ದೇ. ವಾರಗಟ್ಟಲೆ ಮೂಲೆಯಲ್ಲಿ ನಿಂತ ಕೋವಿ ತುಕ್ಕು ಹಿಡಿದು ಬಂತೆಂಬ ಅಳಲು ಸಾಮಾನ್ಯ. ಮಸಿ ನಮ್ಮ ಕರಾವಳಿಯ ತೇವ ಹೀರಿಕೊಳ್ಳುವುದೇ ಅದಕ್ಕೆ ಕಾರಣ. ಒಪ್ಪಿಸುವ ಮುನ್ನ ಬಿಸಿನೀರು, ಸಾಬೂನಿನಿಂದ ನಳಿಗೆ ತೊಳೆದು, ಚೆನ್ನಾಗಿ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಕೊಡಿ. ವಾಪಸು ಬಂದ ಮೇಲೆ ಎಣ್ಣೆ ಒರೆಸಿ ತೆಗೆದು, ಮೊದಲ ಈಡನ್ನು ಕಾಗದಕ್ಕೇ ಹೊಡೆದು ನೋಡಿ.