ವಿದ್ಯುತ್ ಬೈಕು ಮತ್ತು ವೇಗದ ಎಲ್ಲೆ

ಹೊಗೆಯುಗುಳದೆ, ಸದ್ದಿಲ್ಲದೆ ಚಲಿಸುವ ವಿದ್ಯುತ್ ಬೈಕು ಇಂದು ನಮ್ಮ ಬೀದಿಗಳಲ್ಲಿ ಪರಿಚಿತವಾದ ವಾಹನ. ಮೋಟಾರಿನ ಸಾಮರ್ಥ್ಯ 250 ವಾಟ್‌ಗಿಂತಲೂ ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆಯಿದ್ದು, ಬ್ಯಾಟರಿಯನ್ನುಳಿದು ತೂಕ 60 ಕಿಲೋಗ್ರಾಂ ಮೀರದ ಬೈಕನ್ನು ಭಾರತದ ನಿಯಮಗಳು ಮೋಟಾರು ವಾಹನವೆಂದು ಗಣಿಸುವುದಿಲ್ಲ. ಅದಕ್ಕೆ ನೋಂದಣಿಯಾಗಲಿ ಚಾಲನಾ ಪರವಾನಗಿಯಾಗಲಿ ಬೇಕಿಲ್ಲ. ಆದರೆ ಅದರ ಮಾದರಿಯು ಪುಣೆಯ ಎ.ಆರ್.ಎ.ಐ.ಯಂತಹ ಸಂಸ್ಥೆಯಲ್ಲಿ ಪರೀಕ್ಷೆಗೊಳಗಾಗಿ ಪ್ರಮಾಣಪತ್ರವನ್ನು ಪಡೆಯಬೇಕು.

ಕೆಲವರು ಮೋಟಾರಿಗೆ ವಿದ್ಯುತ್ತನ್ನು ಅಳೆದು ಕೊಡುವ ಕಂಟ್ರೋಲರನ್ನು ಮಾರ್ಪಡಿಸಿ ವೇಗವನ್ನು ಹೆಚ್ಚಿಸಿಕೊಳ್ಳುತ್ತಾರೆ. ಇದರಿಂದ ಆಗುವ ಹಾನಿಯೇನು? ಚಲನಶಕ್ತಿಯು ವೇಗದ ವರ್ಗವನ್ನನುಸರಿಸಿ ಏರುತ್ತದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ವೇಗ 25ರಿಂದ 50 ಕಿಲೋಮೀಟರಿಗೆ ಏರಿದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಅದೇ ಬ್ರೇಕನ್ನು ಹಿಡಿದ ಮೇಲೆ ಬೈಕು ನಿಲ್ಲಲು ಬೇಕಾದ ದೂರವೂ ಸುಮಾರು ನಾಲ್ಮಡಿ.

ವೇಗ ಹೆಚ್ಚಿಸಲು ಬ್ಯಾಟರಿಯಿಂದ ಹೆಚ್ಚು ವಿದ್ಯುತ್ಪ್ರವಾಹವನ್ನು ಸೆಳೆಯಬೇಕು. ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಮಡಿ. ಮಿತಿಮೀರಿ ಕಾದ ಲಿಥಿಯಂ ಅಯಾನ್ ಕೋಶದೊಳಗೆ ನಡೆಯುವ ರಾಸಾಯನಿಕ ಕ್ರಿಯೆಗಳು ತಾವೇ ಶಾಖವನ್ನು ಹೊರಹಾಕುವುದರಿಂದ ಬೆಂಕಿಯು ಒಂದು ಕೋಶದಿಂದ ಮತ್ತೊಂದಕ್ಕೆ ಹಬ್ಬುತ್ತದೆ. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ತರುವಾಯ, ಅವುಗಳ ಬ್ಯಾಟರಿ ಪರೀಕ್ಷೆಗೆ ಸಂಬಂಧಿಸಿದ ಎ.ಐ.ಎಸ್.-156 ನಿಯಮವನ್ನು ಬಿಗಿಗೊಳಿಸಲಾಯಿತು.

ಪ್ರಮಾಣಪತ್ರವು ಪರೀಕ್ಷೆಗೊಳಗಾದ ರಚನೆಗೆ ಮಾತ್ರ ಸಲ್ಲುತ್ತದೆ. ಕಂಟ್ರೋಲರನ್ನೋ ಬ್ಯಾಟರಿಯನ್ನೋ ಬದಲಾಯಿಸಿದೊಡನೆ, ಯಾರೂ ಪರೀಕ್ಷಿಸದ ಹೊಸ ಯಂತ್ರವೊಂದು ಬೀದಿಗಿಳಿದಂತಾಗುತ್ತದೆ. ಎಲ್ಲೆ ಮೀರಿದ ಬೈಕು ಕಾನೂನಿನ ದೃಷ್ಟಿಯಲ್ಲಿ ಮೋಟಾರು ವಾಹನ. ನೋಂದಣಿ, ವಿಮೆ, ಪರವಾನಗಿಗಳಿಲ್ಲದೆ ಅದನ್ನು ನಡೆಸುವುದು ಅಪರಾಧ. ಕಾನೂನನ್ನು ವಂಚಿಸಲು ಸಾಧ್ಯವಾದರೂ ವೇಗದ ವರ್ಗವನ್ನು ವಂಚಿಸಲು ಯಾರಿಂದಲೂ ಆಗದು.