ಹಬ್ಬದ ಬಾಣಲೆಯಲ್ಲಿ ಉಳಿದ ಎಣ್ಣೆಗೆ ಹಿತ್ತಲಲ್ಲಿ ಕೆಲಸವಿದೆ

ದೀಪಾವಳಿಯ ಮರುದಿನ ನಮ್ಮ ಮೆಲ್ಬರ್ನ್ ಮನೆಯ ಅಡುಗೆಕಟ್ಟೆಯ ಮೇಲೆ ಎರಡು ವಸ್ತು ಉಳಿದಿದ್ದವು: ಡಬ್ಬದ ತುಂಬ ಚಕ್ಕುಲಿ, ಬಾಣಲೆಯಲ್ಲಿ ಒಂದೂವರೆ ಲೀಟರ್ ಎಣ್ಣೆ. ಚಕ್ಕುಲಿಗೆ ಗಿರಾಕಿಗಳಿದ್ದರು. ಎಣ್ಣೆಗಾಗಿ ಮಾತ್ರ ಜಗಳ.

"ಸೋಸಿಡಮ್ಮಾ, ಒಗ್ಗರಣೆಗೆ ಆಗತ್ತೆ" ಅಂದರು ಊರಿನಿಂದ ಬಂದಿದ್ದ ಅತ್ತೆ. "ಸಿಂಕಿಗೆ ಸುರಿದು ಬಿಸಿನೀರು ಬಿಡು" ಅಂದರು ನಮ್ಮ ಯಜಮಾನರು. ಹಿಂದಿನ ವರ್ಷ ಹಾಗೆ ಸುರಿದೇ ಪೈಪು ಕಟ್ಟಿಕೊಂಡು, ಪ್ಲಂಬರ್ ಬಂದು ಹೋದದ್ದನ್ನು ಅವರು ಮರೆತಿದ್ದರು. ಬಿಲ್ಲು ನೋಡಿದ್ದ ನಾನು ಮರೆತಿರಲಿಲ್ಲ.

ನಿಮ್ಮ ಮನೆಯಲ್ಲೂ ಈ ಮಾತುಕತೆ ನಡೆದಿರುತ್ತದೆ. ನಮ್ಮಲ್ಲಿ ಎಣ್ಣೆ ಚೆಲ್ಲುವುದೆಂದರೆ ಕೈ ಹಿಂಜರಿಯುತ್ತದೆ. ಆ ಹಿಂಜರಿಕೆಯಿಂದಲೇ ಒಮ್ಮೆ ಕರಿದದ್ದು ಪೂರಿಗೆ, ಪೂರಿಯದ್ದು ಬೋಂಡಕ್ಕೆ, ಕೊನೆಗೆ ಮಕ್ಕಳ ಪಲ್ಯದ ಒಗ್ಗರಣೆಗೆ ಬರುತ್ತದೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಆರೋಗ್ಯಕ್ಕೆ ಒಳ್ಳೆಯದಲ್ಲದ ವಸ್ತುಗಳು ಸೇರುತ್ತಾ ಹೋಗುತ್ತವೆ. ಭಾರತದಲ್ಲೂ 2018ರ ಜುಲೈನಿಂದ ಅಡುಗೆ ಎಣ್ಣೆಯಲ್ಲಿ 'ಟೋಟಲ್ ಪೋಲಾರ್ ಕಾಂಪೌಂಡ್ಸ್' ಎಂಬ ಅಂಶ ಶೇ. 25ನ್ನು ದಾಟಿದರೆ ಅದನ್ನು ಬಳಸಬಾರದೆಂಬ ನಿಯಮವಿದೆ. ಮನೆಯಲ್ಲಿ ಅಳೆಯುವವರು ಯಾರು? ಬಣ್ಣ ಕಪ್ಪಾಗಿ, ಬೇಗ ಹೊಗೆ ಬಂದು, ಬಾಣಲೆಯಲ್ಲಿ ನೊರೆ ಎದ್ದರೆ ಆ ಎಣ್ಣೆಯ ಅಡುಗೆ ಕೆಲಸ ಮುಗಿಯಿತು ಎಂದೇ ಲೆಕ್ಕ.

ಅತ್ತೆಗೆ "ಬೇಡ" ಅಂದರೆ ಸಾಕಾಗುತ್ತಿರಲಿಲ್ಲ. ಎಣ್ಣೆಗೆ ಇನ್ನೊಂದು ಕೆಲಸ ತೋರಿಸಬೇಕಿತ್ತು. ಇಲ್ಲಿ ದೀಪಾವಳಿ ಬರುವುದು ವಸಂತದಲ್ಲಿ. ಹಿತ್ತಲಲ್ಲಿ ಬ್ರಾಡ್ ಬೀನ್ಸ್‌ಗೆ ಕಪ್ಪು ಗಿಡಹೇನು, ನಿಂಬೆಗೆ ಶಲ್ಕ ಕೀಟ ಹತ್ತಿದ್ದ ಸಮಯ. ಅಲ್ಲಿಂದಲೇ ಶುರುವಾಯಿತು.

ಮೊದಲು ಸೋಸಿ

ಎಣ್ಣೆ ಪೂರ್ತಿ ಆರಲಿ. ಒಂದು ರಾತ್ರಿ ಅಲುಗಿಸದೆ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ತೆಳು ಬಟ್ಟೆಯಲ್ಲಿ ಸೋಸಿ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ತಳದ ಪುಡಿಯ ಜೊತೆ ಕೂತಿರುತ್ತದೆ. ಆ ಗಷ್ಟು ಗಿಡಕ್ಕೆ ಬೇಡ, ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿ. ಒಂದೇ ಸಲ ಕರಿದ, ತಿಳಿಯಾದ ಎಣ್ಣೆ ಎಲೆಗಳಿಗೆ. ಕಪ್ಪಾದದ್ದು ಸಲಿಕೆ ಗುದ್ದಲಿಗೆ. ಸೀಸೆಯ ಮೇಲೆ "ತೋಟಕ್ಕೆ" ಎಂದು ಬರೆದಿಡಿ, ಇಲ್ಲದಿದ್ದರೆ ಅದು ಮತ್ತೆ ಒಲೆಯ ಹತ್ತಿರ ಬಂದುಬಿಡುತ್ತದೆ.

ಹುಳುಗಳಿಗೆ ಸಿಂಪಡಣೆ

ಬೇವಿನೆಣ್ಣೆಗೆ ಸೋಪು ಕಲಸಿ ಸಿಂಪಡಿಸುವುದನ್ನು ಊರಿನ ತೋಟಗಳಲ್ಲಿ ನೋಡಿರುತ್ತೀರಿ. ಇಲ್ಲಿನವರು ಮಾಮೂಲಿ ಅಡುಗೆ ಎಣ್ಣೆಯಲ್ಲೇ ಮಾಡಿಕೊಳ್ಳುವ 'ವೈಟ್ ಆಯಿಲ್' ಅದರ ನೆಂಟ. ನಾಲ್ಕು ಪಾಲು ಎಣ್ಣೆಗೆ ಒಂದು ಪಾಲು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹಾಲಿನಂತೆ ಬೆಳ್ಳಗಾಗುವವರೆಗೆ ಕುಲುಕಿ. ಬಳಸುವಾಗ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಾಕು.

ಇದು ವಿಷವಲ್ಲ. ಹುಳುವಿನ ಮೈ ಮೇಲೆ ಪದರವಾಗಿ ಕೂತು ಉಸಿರುಗಟ್ಟಿಸುತ್ತದೆ, ಅಷ್ಟೆ. ಆದ್ದರಿಂದ ಎಣ್ಣೆ ಹುಳುವಿಗೇ ತಾಗಬೇಕು. ಎಲೆಯ ಹಿಂಭಾಗಕ್ಕೆ ಹೊಡೆಯುವುದನ್ನು ಮರೆಯಬೇಡಿ. ಒಳ್ಳೆಯ ಹುಳು, ಕೆಟ್ಟ ಹುಳು ಎಂಬ ಭೇದ ಇದಕ್ಕೆ ಗೊತ್ತಿಲ್ಲ. ಲೇಡಿಬಗ್ ಇದ್ದ ಕೊಂಬೆಯನ್ನು ಬಿಟ್ಟುಬಿಡಿ, ಜೇನು ಬರುವ ಹೊತ್ತು ತಪ್ಪಿಸಿ, ಸಂಜೆ ಸಿಂಪಡಿಸಿ. ಬಿಸಿಲು 30 ಡಿಗ್ರಿ ದಾಟುವ ದಿನ ಬೇಡವೇ ಬೇಡ, ಎಲೆ ಸುಡುತ್ತದೆ. ಗಂಧಕದ ಔಷಧಿ ಹೊಡೆದಿದ್ದರೆ ಒಂದು ತಿಂಗಳು ತಡೆಯಿರಿ.

ಕಷ್ಟಪಟ್ಟು ಬೆಳೆಸಿದ ಕರಿಬೇವಿನ ಗಿಡವಿದ್ದರೆ ಮೊದಲು ಎರಡು ಎಲೆಗೆ ಮಾತ್ರ ಹಚ್ಚಿ, ಎರಡು ದಿನ ಕಾದು ನೋಡಿ. ಸಿಂಪಡಿಸಿದ ಸೊಪ್ಪು ತರಕಾರಿಯನ್ನು ಚೆನ್ನಾಗಿ ತೊಳೆದೇ ಬಳಸಿ.

ರಾತ್ರಿ ಕಳ್ಳರಿಗೆ ಬಲೆ

ಮೆಂತ್ಯ, ಬೀನ್ಸ್ ಸಸಿಗಳನ್ನು ರಾತ್ರೋರಾತ್ರಿ ಕತ್ತರಿಸುವ, ಬಾಲದಲ್ಲಿ ಇಕ್ಕಳವಿರುವ ಕಂದು ಹುಳು ಇಯರ್‌ವಿಗ್. ಮುಚ್ಚಳವಿರುವ ಚಿಕ್ಕ ಮೊಸರು ಡಬ್ಬಿಯ ಮೇಲ್ಭಾಗದಲ್ಲಿ ಸುತ್ತಲೂ ತೂತು ಮಾಡಿ, ಒಳಗೆ ಒಂದು ಸೆಂಟಿಮೀಟರ್ ಎಣ್ಣೆ, ಎರಡು ಹನಿ ಸೋಯಾ ಸಾಸ್ ಹಾಕಿ. ತೂತುಗಳು ನೆಲಮಟ್ಟಕ್ಕೆ ಬರುವಂತೆ ಮಣ್ಣಿನಲ್ಲಿ ಹೂಳಿ. ಬೆಳಿಗ್ಗೆ ತೆಗೆದು ಎಣಿಸುವುದು ನನ್ನ ಏಳು ವರ್ಷದ ಮಗಳ ಕೆಲಸ. ಮುಚ್ಚಳ ಬಿಡಬೇಡಿ. ತೆರೆದ ಡಬ್ಬಿಗೆ ಹಲ್ಲಿ ಬೀಳುತ್ತದೆ, ಹಕ್ಕಿಯ ರೆಕ್ಕೆಗೆ ಎಣ್ಣೆ ಹತ್ತಿದರೆ ಅದಕ್ಕೆ ಕಷ್ಟ.

ಸಲಿಕೆ, ಕತ್ತರಿ, ಹುಲ್ಲಿನ ಯಂತ್ರ

ಕಪ್ಪಾದ ಎಣ್ಣೆಗೆ ಇದೇ ಸರಿಯಾದ ಜಾಗ. ಬಕೆಟ್ಟಿನಲ್ಲಿ ಮರಳು ತುಂಬಿ, ತೇವವಾಗುವಷ್ಟು ಎಣ್ಣೆ ಕಲಸಿಡಿ. ಕೆಲಸ ಮುಗಿದ ಮೇಲೆ ಸಲಿಕೆಯನ್ನು ನಾಲ್ಕು ಸಲ ಅದರಲ್ಲಿ ಚುಚ್ಚಿ ತೆಗೆದರೆ ಮಣ್ಣು ಉದುರುತ್ತದೆ, ತುಕ್ಕು ತಡೆಯುವ ತೆಳು ಪದರವೂ ಉಳಿಯುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ಅಡಿಭಾಗಕ್ಕೆ ಒರೆಸಿದರೆ ಹಸಿ ಹುಲ್ಲು ಅಂಟುವುದು ಕಡಿಮೆ. ಒರೆಸುವ ಮೊದಲು ಸ್ಪಾರ್ಕ್ ಪ್ಲಗ್ ಅಥವಾ ಬ್ಯಾಟರಿ ತೆಗೆದಿಡಿ. ಯಾವುದಕ್ಕೂ ದಪ್ಪ ಹಚ್ಚಬೇಡಿ, ಸೂರ್ಯಕಾಂತಿ ಎಣ್ಣೆ ಒಣಗುತ್ತಾ ಜಿಗುಟಾಗುತ್ತದೆ.

ಇದನ್ನು ನೋಡಿದಾಗಲೇ ಅತ್ತೆಯ ಮುಖ ಅರಳಿದ್ದು. "ನಮ್ಮಪ್ಪ ಗಾಡಿಗೆ ಕೀಲೆಣ್ಣೆ ಹಾಕ್ತಿದ್ದರಲ್ಲ, ಹಾಗೇ ಇದೆ" ಅಂದರು. ಸಂತೆಗೆ ಹೊರಡುವ ಮುಂಚೆ ಅಚ್ಚಿಗೆ ಹರಳೆಣ್ಣೆಯ ಮಸಿ ಬಳಿಯುತ್ತಿದ್ದದ್ದು, ಗಾಡಿ ಕಿರುಗುಟ್ಟಿದರೆ ಊರಿನವರು ನಗುತ್ತಿದ್ದದ್ದು, ಎಲ್ಲ ಮೊಮ್ಮಗಳಿಗೆ ಹೇಳಿದರು. ಅಂದಿನಿಂದ ಕತ್ತರಿಗೆ ಎಣ್ಣೆ ಹಚ್ಚುವುದು ಅಜ್ಜಿ ಮೊಮ್ಮಗಳ ಶನಿವಾರದ ಕೆಲಸವಾಯಿತು.

ಒರೆಸಿದ ಬಟ್ಟೆ: ಇದನ್ನು ಮರೆಯಲೇಬೇಡಿ

ಆ ಶನಿವಾರಗಳಲ್ಲೊಂದು ದಿನ ಎಣ್ಣೆ ಬಟ್ಟೆಗಳನ್ನು ಮುದ್ದೆ ಮಾಡಿ ಶೆಡ್ಡಿನ ಬುಟ್ಟಿಗೆ ಹಾಕಿದ್ದೆವು. ಸಂಜೆ ಕೈ ಇಟ್ಟರೆ ಒಳಗೆ ಬೆಚ್ಚಗಿತ್ತು. ಸೂರ್ಯಕಾಂತಿ, ಅಗಸೆಯಂಥ ಎಣ್ಣೆಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಒಣಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯಾದ ಬಟ್ಟೆಯಿಂದ ಆ ಶಾಖ ಹೊರಹೋಗದೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಕಡ್ಡಿ ಗೀರಬೇಕಾಗಿಲ್ಲ. ಪಕ್ಕದಲ್ಲೇ ಪೆಟ್ರೋಲ್ ಡಬ್ಬಿಯಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈಗ ಬಟ್ಟೆಗಳನ್ನು ನೀರಲ್ಲಿ ನೆನೆಸಿ, ಹೊರಗೆ ಒಂದೊಂದಾಗಿ ಹರಡಿ ಒಣಗಿಸಿಯೇ ಕಸಕ್ಕೆ ಹಾಕುತ್ತೇವೆ.

ಮಾಡಬಾರದ್ದು

ಗಿಡದ ಬುಡಕ್ಕೆ ಎಣ್ಣೆ ಸುರಿಯಬೇಡಿ. ಮಣ್ಣು ನೀರು ಹೀರುವುದನ್ನು ಬಿಡುತ್ತದೆ, ಬೇರಿಗೆ ಗಾಳಿಯಾಡುವುದಿಲ್ಲ. ಕಳೆ ಸಾಯಲೆಂದು ಸುರಿದರೂ ಹಾಳಾಗುವುದು ಮಣ್ಣೇ. ಕಾಂಪೋಸ್ಟಿಗೆ ಬಾಣಲೆ ಒರೆಸಿದ ಪೇಪರಿನಷ್ಟು ಪರವಾಗಿಲ್ಲ, ಹೆಚ್ಚಾದರೆ ನಾತ ಮತ್ತು ಇಲಿ ಎರಡೂ ಬರುತ್ತವೆ. ಕೋಳಿಗೂ ನಾಯಿಗೂ ಕೊಡಬೇಡಿ. ಸಿಂಕಿಗಂತೂ ಬೇಡ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬೀದಿಯಡಿ ಚರಂಡಿಯಲ್ಲಿ ಸಿಕ್ಕ ಕೊಬ್ಬಿನ ಗಡ್ಡೆ 250 ಮೀಟರ್ ಉದ್ದ, 130 ಟನ್ ತೂಕವಿತ್ತು. ಅದು ಮನೆ ಮನೆಯ, ಹೋಟೆಲು ಹೋಟೆಲಿನ "ಸ್ವಲ್ಪವೇ ತಾನೆ" ಸೇರಿ ಬೆಳೆದದ್ದು.

ಮಿಕ್ಕದ್ದು?

ಇಷ್ಟೆಲ್ಲ ಮಾಡಿದರೂ ತೋಟಕ್ಕೆ ಬೇಕಾಗುವುದು ವರ್ಷಕ್ಕೆ ಒಂದೆರಡು ಲೀಟರ್ ಮಾತ್ರ. ಉಳಿದದ್ದನ್ನು ಮುಚ್ಚಳವಿರುವ ಡಬ್ಬದಲ್ಲಿ ಕೂಡಿಟ್ಟು, ನಿಮ್ಮ ಊರಿನ ಕೌನ್ಸಿಲ್ ಅಥವಾ ಸಿಟಿಯ ಮರುಬಳಕೆ ಕೇಂದ್ರಕ್ಕೆ ಒಯ್ಯಿರಿ. ಅನೇಕ ಕಡೆ ತೆಗೆದುಕೊಳ್ಳುತ್ತಾರೆ, ಅದರಿಂದ ಬಯೋಡೀಸೆಲ್ ಆಗುತ್ತದೆ. ಹೋಗುವ ಮುನ್ನ ಒಂದು ಫೋನ್ ಮಾಡಿ ಕೇಳಿ.

ಅತ್ತೆ ಸಂಕ್ರಾಂತಿಗೆ ಮುಂಚೆ ಊರಿಗೆ ಹೊರಟರು. ಕೊನೆಯ ಭಾನುವಾರ ಮಸಾಲೆ ವಡೆ ಕರಿದು ಒಲೆ ಆರಿಸಿದ ಮೇಲೆ ಬಾಣಲೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಈ ಸಲ ಒಗ್ಗರಣೆಯ ಮಾತೆತ್ತಲಿಲ್ಲ. "ತೋಟದ ಸೀಸೆ ಎಲ್ಲಿಟ್ಟಿದೀಯಮ್ಮ?" ಅಂದರು.