ಕೃಷ್ಣದೇವರಾಯನ ವರಾಹ

ಇಂಗ್ಲೆಂಡಿನಲ್ಲಿ ಟ್ಯೂಡರ್ ವಂಶದ ಎಂಟನೆಯ ಹೆನ್ರಿಯೂ ವಿಜಯನಗರದಲ್ಲಿ ಕೃಷ್ಣದೇವರಾಯನೂ 1509ರಲ್ಲಿಯೇ ಪಟ್ಟವೇರಿದರು. ಹೆನ್ರಿಯ ತಂದೆ 1489ರಲ್ಲಿ ಅಚ್ಚುಹಾಕಿಸಿದ ‘ಸಾವರಿನ್’ ಸುಮಾರು ಹದಿನೈದೂವರೆ ಗ್ರಾಂ ತೂಗುತ್ತಿದ್ದು ಅರಸನ ವೈಭವದ ಪ್ರದರ್ಶನಕ್ಕೇ ಹೆಚ್ಚು ಒದಗಿದರೆ, ಕೇವಲ 3.4 ಗ್ರಾಂ ಆಸುಪಾಸಿನ ವರಾಹ, ಅಂದರೆ ವಿಜಯನಗರದ ಪ್ರಮಾಣ ಚಿನ್ನದ ನಾಣ್ಯ, ವ್ಯಾಪಾರದಲ್ಲಿ ಕೈಯಿಂದ ಕೈಗೆ ಸಾಗುತ್ತಿತ್ತು.

ರಾಯನ ವರಾಹದ ಒಂದು ಮುಖದಲ್ಲಿ ಬೆಣ್ಣೆಯುಂಡೆ ಹಿಡಿದು ಕುಳಿತ ಬಾಲಕೃಷ್ಣನಿದ್ದು, ಇನ್ನೊಂದರಲ್ಲಿ ‘ಶ್ರೀ ಪ್ರತಾಪ ಕೃಷ್ಣರಾಯ’ ಎಂಬ ನಾಗರಿ ಬರಹ ಮೂರು ಸಾಲುಗಳಲ್ಲಿದೆ. ಉದಯಗಿರಿಯನ್ನು ಗೆದ್ದು ಅಲ್ಲಿಂದ ತಂದ ಬಾಲಕೃಷ್ಣನ ವಿಗ್ರಹವನ್ನು ಹಂಪಿಯಲ್ಲಿ ಪ್ರತಿಷ್ಠಾಪಿಸಿದ ನೆನಪಿಗೆ ಈ ನಾಣ್ಯ ಹೊರಟಿತೆಂದು ಕೆಲವು ವಿದ್ವಾಂಸರು ಭಾವಿಸುತ್ತಾರೆ. ಬಾಲಕೃಷ್ಣನ ವರಾಹ ಸಂಗ್ರಾಹಕರಿಗೆ ಅಪರಿಚಿತವೇನಲ್ಲ. ನಿಜಕ್ಕೂ ವಿರಳವಾದುದು ವೆಂಕಟೇಶ್ವರನ ಚಿತ್ರವುಳ್ಳ, ಎರಡು ವರಾಹದ ತೂಕದ ನಾಣ್ಯ.

ಹೆನ್ರಿ ತನ್ನ ಕೊನೆಗಾಲದಲ್ಲಿ ಯುದ್ಧದ ಖರ್ಚಿಗಾಗಿ ಚಿನ್ನ ಬೆಳ್ಳಿಗಳಿಗೆ ಕೀಳು ಲೋಹ ಬೆರೆಸಿ ತನ್ನ ನಾಣ್ಯದ ಮರ್ಯಾದೆಯನ್ನು ತಾನೇ ಕಳೆದನು. ವರಾಹದ ಮಾನ್ಯತೆಯಾದರೋ ಅದನ್ನು ಅಚ್ಚುಹಾಕಿಸಿದ ಸಾಮ್ರಾಜ್ಯಕ್ಕಿಂತಲೂ ದೀರ್ಘವಾಯಿತು. 1565ರಲ್ಲಿ ವಿಜಯನಗರ ಸೋತ ಬಳಿಕವೂ ‘ಹೊನ್ನು’ ಎಂಬ ಹೆಸರಿನಲ್ಲಿ ಅದೇ ತೂಕದ ಚಿನ್ನ ದಕ್ಷಿಣದಲ್ಲಿ ಚಲಾವಣೆಯಲ್ಲಿ ಉಳಿಯಿತು. ಬಿಜಾಪುರದ ಆದಿಲ್‌ಶಾಹಿಗಳಲ್ಲಿ, ಗೋಳಗುಮ್ಮಟದ ಮಹಮ್ಮದ್ ಆದಿಲ್‌ಶಹನು ತನ್ನ ಹೆಸರಿನಲ್ಲಿ ಹೊರಡಿಸಿದ ಚಿನ್ನದ ನಾಣ್ಯಗಳೂ ಈ ಹೊನ್ನಿನ ಮಾದರಿಯವೇ.